ಟ್ಯಾಪ್ ಪಾವತಿಗೆ ಯಜಮಾನ ಯಾರು?

ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಟ್ಯಾಪ್ ಪಾವತಿಯ ಪೇಟೆಂಟ್ ಆಪಲ್ ಕೈಯಲ್ಲಿದೆ ಎಂದು ಬರೆದಿದ್ದೀರಿ. ಹಾಗಾದರೆ ಸ್ಯಾಮ್‌ಸಂಗ್, ಗೂಗಲ್ ಅದನ್ನೇ ಮಾಡುತ್ತಿರುವುದು ಹೇಗೆ? ಮೊಬೈಲನ್ನು ಯಂತ್ರದ ಹತ್ತಿರ ಹಿಡಿಯುವುದಕ್ಕೂ ಪೇಟೆಂಟ್ ಕೊಡುತ್ತಾರಾ?”

ಸಂಪಾದಕರ ಉತ್ತರ:

ತಪ್ಪು ನಮ್ಮದೇ. ಆ ಸಾಲು ನನ್ನ ಕಣ್ಣು ತಪ್ಪಿಸಿಕೊಂಡು ಹೋಗಲಿಲ್ಲ, ನಾನೇ ಓದಿ ಸರಿ ಎಂದು ಬಿಟ್ಟೆ. ‘ಟ್ಯಾಪ್ ಪಾವತಿಯ ಪೇಟೆಂಟ್’ ಎಂಬ ಒಂದೇ ಒಂದು ಪೇಟೆಂಟ್ ಯಾರ ಬಳಿಯೂ ಇಲ್ಲ. ಇರುವುದೆಲ್ಲ ಚೂರುಪಾರು. ಆಂಟೆನಾದ ಜೋಡಣೆ ಒಬ್ಬರದು, ಚಿಪ್ಪಿನ ಒಳಗಿನ ಕೆಲಸ ಇನ್ನೊಬ್ಬರದು, ಕಾರ್ಡ್ ಸಂಖ್ಯೆ ಬಚ್ಚಿಡುವ ವಿಧಾನ ಮತ್ತೊಬ್ಬರದು.

‘ಹತ್ತಿರ ಹಿಡಿಯುವುದು’ ಹಳೆಯ ಕಥೆ. ಅಮೆರಿಕದ ಚಾರ್ಲ್ಸ್ ವಾಲ್ಟನ್ ರೇಡಿಯೊ ಅಲೆಯಿಂದ ಗುರುತು ಹಿಡಿಯುವ ಸಾಧನಗಳಿಗೆ 1973ರಲ್ಲೂ 1983ರಲ್ಲೂ ಪೇಟೆಂಟ್ ಪಡೆದಿದ್ದರು. ಅವರು ತೆರೆಯಲು ಹೊರಟಿದ್ದು ಬಾಗಿಲನ್ನು, ಪರ್ಸನ್ನಲ್ಲ! ಮೊಬೈಲಿಗೆ ಬೇಕಾದ ಎನ್‌ಎಫ್‌ಸಿಯನ್ನು (ಎರಡು ಸಾಧನ ಹತ್ತಿರ ಬಂದಾಗ ರೇಡಿಯೊ ಅಲೆಯಲ್ಲಿ ಮಾಹಿತಿ ದಾಟಿಸುವ ತಂತ್ರ) ಸೋನಿ ಮತ್ತು ಫಿಲಿಪ್ಸ್ ಒಟ್ಟಿಗೆ ರೂಪಿಸಲು ಹೊರಟಿದ್ದು 2002ರಲ್ಲಿ. 13.56 ಮೆಗಾಹರ್ಟ್ಸ್‌ನಲ್ಲಿ, ಕೆಲವೇ ಸೆಂಟಿಮೀಟರ್ ದೂರದಲ್ಲಿ ನಡೆಯುವ ಮಾತುಕತೆ ಅದು. ಮುಂದೆ ಅದು ಅಂತಾರಾಷ್ಟ್ರೀಯ ಮಾನದಂಡವಾಯಿತು. ಮಾನದಂಡದಲ್ಲಿ ತಮ್ಮ ಪೇಟೆಂಟ್ ಸೇರಿಸುವವರು ನ್ಯಾಯವಾದ ಷರತ್ತಿನ ಮೇಲೆ ಎಲ್ಲರಿಗೂ ಪರವಾನಗಿ ಕೊಡುವುದು ವಾಡಿಕೆ. ಸ್ಯಾಮ್‌ಸಂಗ್, ಗೂಗಲ್ ಈ ದಾರಿಯಲ್ಲೇ ಬಂದವು. ಸ್ಯಾಮ್‌ಸಂಗ್ ಇನ್ನೊಂದು ದಾರಿಯನ್ನೂ ಹಿಡಿಯಿತು. 2015ರಲ್ಲಿ ಲೂಪ್‌ಪೇ ಕಂಪನಿಯನ್ನು ಕೊಂಡು, ಕಾರ್ಡ್ ಉಜ್ಜಿದಂತೆ ಹಳೆಯ ಯಂತ್ರವನ್ನು ನಂಬಿಸುವ ಕಾಂತಕ್ಷೇತ್ರದ ತಂತ್ರ ತಂದಿತು. ಪೇಟೆಂಟ್ ಕಾಯುವುದು ವಿಧಾನವನ್ನು. ಬೇರೆ ವಿಧಾನದಲ್ಲಿ ಅದೇ ಊರು ಸೇರಬಹುದು.

ಬರೀ ಉಪಾಯಕ್ಕೆ ಪೇಟೆಂಟ್ ನಿಲ್ಲುತ್ತದೆಯೇ? ಇದಕ್ಕೊಂದು ಒಳ್ಳೆಯ ಮೊಕದ್ದಮೆ ಇದೆ. ಸ್ವಲ್ಪ ಹೊತ್ತಿಗೊಮ್ಮೆ ಗುಪ್ತ ಸಂಖ್ಯೆ ಬದಲಿಸುವ ಸೆಕ್ಯೂರ್‌ಐಡಿ ಸಾಧನದ ಜನಕ ಕೆನೆತ್ ವೈಸ್. ಅವರ ಯೂನಿವರ್ಸಲ್ ಸೆಕ್ಯೂರ್ ರಿಜಿಸ್ಟ್ರಿ ಕಂಪನಿ 2017ರಲ್ಲಿ ಆಪಲ್ ಮತ್ತು ವೀಸಾ ಮೇಲೆ ದಾವೆ ಹೂಡಿತು. ಗ್ರಾಹಕರನ್ನು ಬೆರಳಚ್ಚಿನಂಥ ಗುರುತಿನಿಂದ ಪತ್ತೆ ಮಾಡಿ, ಒಮ್ಮೆ ಮಾತ್ರ ನಡೆಯುವ ಸಂಕೇತ ಕಳಿಸಿ, ಕಾರ್ಡ್ ಸಂಖ್ಯೆ ಅಂಗಡಿಯವರಿಗೆ ಸಿಗದಂತೆ ಮಾಡುವುದು ನಮ್ಮ ಪೇಟೆಂಟ್ ಎಂಬುದು ಅವರ ವಾದ. ಓದಿದರೆ ನಮ್ಮ ಮೊಬೈಲಿನ ವರ್ಣನೆಯಂತೆಯೇ ಇದೆ, ಅಲ್ವಾ? ಆದರೂ 2021ರ ಆಗಸ್ಟ್‌ನಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ, ದಾವೆಯಲ್ಲಿದ್ದ ನಾಲ್ಕೂ ಪೇಟೆಂಟ್‌ಗಳು ಅನರ್ಹ ಎಂದಿತು. ಗೊತ್ತಿದ್ದ ತಂತ್ರಗಳನ್ನೇ ಸೇರಿಸಿದ್ದೀರಿ, ನಿರೀಕ್ಷಿಸಿದ ಫಲವೇ ಬಂದಿದೆ, ಹೊಸ ತಾಂತ್ರಿಕ ಪರಿಹಾರ ಎಲ್ಲಿದೆ ಎಂಬುದು ತೀರ್ಪಿನ ಸಾರ. ನನಗೆ ವೈಸ್ ಬಗ್ಗೆ ಸ್ವಲ್ಪ ಮರುಕವಿದೆ. ಆದರೆ ತೀರ್ಪು ಸರಿಯೇ. ಏನಾಗಬೇಕು ಎಂದು ಹೇಳಿದವರಿಗೆಲ್ಲ ಪೇಟೆಂಟ್ ಕೊಟ್ಟರೆ, ಹೇಗೆ ಎಂದು ತಲೆ ಕೆಡಿಸಿಕೊಂಡವರು ಬಾಡಿಗೆ ಕಟ್ಟುತ್ತಾ ಕೂರಬೇಕಾಗುತ್ತದೆ.

ನಮ್ಮ ತಪ್ಪಿನ ಮೂಲ ಬೇರೆಲ್ಲೋ ಇದೆ. ಐಫೋನಿನ ಎನ್‌ಎಫ್‌ಸಿ ಚಿಪ್ಪನ್ನು ಬೇರೆಯವರ ಪಾವತಿ ಆ್ಯಪ್‌ಗಳು ಬಳಸದಂತೆ ಆಪಲ್ ಬಹುಕಾಲ ಮುಚ್ಚಿಟ್ಟಿತ್ತು. ನಮ್ಮ ಲೇಖಕರು ಅದನ್ನು ಪೇಟೆಂಟ್ ಎಂದುಕೊಂಡರು. ಅದು ಪೇಟೆಂಟ್ ಅಲ್ಲ, ಸುಮ್ನೆ ಬೀಗ. ಯುರೋಪಿನಲ್ಲಿ ಆ ಬೀಗ ತೆಗೆಸಿದ್ದೂ ಪೇಟೆಂಟ್ ಕಾನೂನಲ್ಲ, ಸ್ಪರ್ಧಾ ಕಾನೂನು. 2024ರ ಜುಲೈಯಲ್ಲಿ ಯುರೋಪಿಯನ್ ಕಮಿಷನ್ ಮುಂದೆ ಆಪಲ್ 10 ವರ್ಷಗಳ ಮಟ್ಟಿಗೆ ಶುಲ್ಕವಿಲ್ಲದೆ ಚಿಪ್ ತೆರೆದಿಡಲು ಒಪ್ಪಿತು.

ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ, ದಪ್ಪಕ್ಷರದಲ್ಲಿ.