ಗಿಡ ಮುನಿಯಿತೋ, ನಾಚಿತೋ

ಪ್ರಿಯ ಬರಹಗಾರರೇ,

‘ಸಂವೇದನೆಯ ಅರ್ಥ’ ಎಂಬ ನಿಮ್ಮ ಹದಿನಾಲ್ಕು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಿಕದಲ್ಲಿ ಪ್ರಕಟಿಸಲಾಗದು. ಆದರೆ ಒಂಬತ್ತನೆಯ ಪುಟದಲ್ಲಿ, ಮುಂಬಯಿ ಬಳಿಯ ಡೊಂಬಿವಲಿಯ ನಿಮ್ಮ ಸೊಸೈಟಿಯ ಕಂಪೌಂಡ್ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಮುಟ್ಟಿದರೆ ಮುನಿಯ ಎಲೆಯನ್ನು ನೀವು ಮುಟ್ಟುತ್ತೀರಿ. ಕಿರುಎಲೆಗಳು ಜೋಡಿಜೋಡಿಯಾಗಿ ಮಡಚಿಕೊಂಡು ಆಮೇಲೆ ತೊಟ್ಟೇ ಕುಸಿದುಬೀಳುವುದನ್ನು ವಾಚ್‌ಮನ್ ಕೂಡ ಬಂದು ನಿಂತು ನೋಡುತ್ತಾನೆ. ಈ ದೀರ್ಘ ಉತ್ತರ ಆ ಅರ್ಧ ಪುಟದ ಸಲುವಾಗಿ.

ತೊಂದರೆ ಇರುವುದು ಅದರ ಮುಂದಿನ ವಾಕ್ಯದಲ್ಲಿ. ‘ಗಿಡಕ್ಕೂ ಲಜ್ಜೆಯಿದೆ, ಆದ್ದರಿಂದ ಮನಸ್ಸೂ ಇದೆ’ ಎಂದು ನೀವು ತೀರ್ಮಾನಿಸಿಬಿಟ್ಟಿದ್ದೀರಿ. ಗಿಡಕ್ಕೆ ಬೆರಳು ತಾಗಿತು, ಗಿಡಕ್ಕೆ ತಿಳಿಯಿತು, ಗಿಡಕ್ಕೆ ನಾಚಿಕೆಯಾಯಿತು: ಕನ್ನಡದಲ್ಲಿ ಈ ಮೂರೂ ಮಾತುಗಳ ಕಟ್ಟು ಹೆಚ್ಚುಕಡಿಮೆ ಒಂದೇ ಆದ್ದರಿಂದ, ಮೊದಲನೆಯದರಿಂದ ಮೂರನೆಯದಕ್ಕೆ ಜಾರಿದ್ದು ಬರೆಯುವವರಿಗೇ ಗೊತ್ತಾಗುವುದಿಲ್ಲ. ತಾಗಿದ್ದು ಕಣ್ಣಿಗೆ ಕಾಣುತ್ತದೆ. ತಿಳಿಯಿತೆನ್ನಲು ಪರೀಕ್ಷೆ ಮಾಡಬೇಕು. ನಾಚಿಕೆಯಾಯಿತೆನ್ನಲು ಎಂಥ ಪರೀಕ್ಷೆ ಸಾಕೆಂಬುದೇ ಇನ್ನೂ ಇತ್ಯರ್ಥವಾಗಿಲ್ಲ. ಈ ಮೂರಕ್ಕೂ ನೀವು ‘ಸಂವೇದನೆ’ ಎಂಬ ಒಂದೇ ಪದವನ್ನು ಹಚ್ಚಿದ್ದೀರಿ, ನಾಲ್ಕನೆಯ ಪುಟದಲ್ಲಂತೂ ಕವಿಯ ಸಂವೇದನೆಯೂ ಬಂದು ಇವುಗಳ ಜೊತೆ ಕುಳಿತಿದೆ.

ಇದಕ್ಕೆ ಮದ್ದು ನಿಮ್ಮ ಬರಹದಲ್ಲೇ ಇತ್ತು. ನಿಮ್ಮ ಅಜ್ಜಿಯ ಬಾಯಲ್ಲಿ ಅದು ಮುಟ್ಟಿದರೆ ಮುನಿ, ಎಂದರೆ ಮುನಿಸಿಕೊಳ್ಳುವ ಗಿಡ. ವಾಚ್‌ಮನ್ ಅದನ್ನು ಮರಾಠಿಯಲ್ಲಿ ಲಾಜಾಳೂ ಎಂದ, ಎಂದರೆ ನಾಚುವ ಗಿಡ. ಮಡಚಿದ ಒಂದೇ ಎಲೆಯಲ್ಲಿ ಒಬ್ಬರು ಕೋಪವನ್ನು ಕಂಡರು, ಇನ್ನೊಬ್ಬರು ಲಜ್ಜೆಯನ್ನು ಕಂಡರು. ಅಮೆರಿಕದ ಉಷ್ಣವಲಯದಿಂದ ಬಂದ ಈ ಕಳೆಗೆ ಎರಡು ಭಾವಗಳನ್ನೂ ತೊಡಿಸಿದವರು ನಾವೇ. ಈ ಎರಡು ಹೆಸರುಗಳನ್ನು ಎದುರುಬದುರು ಇಟ್ಟುಕೊಂಡು ಲೇಖನವನ್ನು ಅಲ್ಲಿಂದಲೇ ಆರಂಭಿಸಿ. ಮೊದಲ ಎಂಟು ಪುಟಗಳನ್ನು ಧಾರಾಳವಾಗಿ ಕೈಬಿಡಬಹುದು.

ಅನಂತರ ಗಿಡದೊಳಗೆ ನಡೆಯುವುದನ್ನು ಹೇಳಿ. ತೊಟ್ಟಿನ ಬುಡದಲ್ಲಿ ಒಂದು ಸಣ್ಣ ಉಬ್ಬು ಇದೆ. ಬೆರಳು ತಾಗಿದೊಡನೆ ವಿದ್ಯುತ್ ಸಂಕೇತ ಅಲ್ಲಿಗೆ ಹರಿದು, ಉಬ್ಬಿನ ಕೆಳಬದಿಯ ಜೀವಕೋಶಗಳಿಂದ ಪೊಟ್ಯಾಸಿಯಮ್ ಮತ್ತು ಕ್ಲೋರೈಡ್ ಅಯಾನುಗಳು ಹೊರಬೀಳುತ್ತವೆ; ಅವುಗಳ ಬೆನ್ನಿಗೇ ನೀರೂ ಹೊರಟು, ಬಿಗಿ ಕಳೆದುಕೊಂಡ ಕೋಶಗಳು ತೊಟ್ಟಿನ ಭಾರವನ್ನು ತಾಳಲಾರದೆ ಹೋಗುತ್ತವೆ. ನರವೂ ಇಲ್ಲ, ಸ್ನಾಯುವೂ ಇಲ್ಲ. ಇಷ್ಟನ್ನೇ ಹೇಳಿ ಗಿಡವೊಂದು ಯಂತ್ರವೆಂದು ಕೈತೊಳೆದುಕೊಂಡರೂ ತಪ್ಪಾದೀತು: ಹಿಂದೆ ಶಸ್ತ್ರಚಿಕಿತ್ಸೆಗೆ ಮುನ್ನ ಮನುಷ್ಯರ ಪ್ರಜ್ಞೆ ತಪ್ಪಿಸಲು ಬಳಸುತ್ತಿದ್ದ ಈಥರಿನ ಆವಿಯಲ್ಲಿಟ್ಟರೆ ಈ ಗಿಡವೂ ಮಡಚುವುದನ್ನು ನಿಲ್ಲಿಸುತ್ತದೆ, ಆವಿ ತೆಗೆದರೆ ಚೇತರಿಸಿಕೊಳ್ಳುತ್ತದೆ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ‘ಸಸ್ಯಗಳಿಗೆ ಜೀವವಿದೆಯೆಂದು ಕಂಡುಹಿಡಿದವರು ಜಗದೀಶಚಂದ್ರ ಬೋಸರು’ ಎಂದು ಬರೆದಿದ್ದೀರಿ. ಶಾಲೆಯಲ್ಲಿ ನಾನೂ ಹಾಗೆಯೇ ಉರುಹೊಡೆದಿದ್ದೆ. ಬಿತ್ತಿ ಬೆಳೆಯುವ ಯಾವ ರೈತನಿಗೂ ಅದನ್ನು ಹೊಸದಾಗಿ ಹೇಳಬೇಕಿರಲಿಲ್ಲ. ಬೋಸರು ಮಾಡಿದ್ದು ಸಸ್ಯಗಳ ವಿದ್ಯುತ್ ಪ್ರತಿಕ್ರಿಯೆಯನ್ನೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಚಲನೆಯನ್ನೂ ಉಪಕರಣಗಳಿಂದ ಅಳೆದು ದಾಖಲಿಸಿದ್ದು, ಮತ್ತು ಆ ಕೆಲಸದಲ್ಲಿ ಅವರಿಗೆ ಬಲು ಒದಗಿಬಂದದ್ದು ಇದೇ ಮುಟ್ಟಿದರೆ ಮುನಿ. ಇನ್ನು ಬಾವಲಿ ಕುರುಡೆಂಬ ಮಾತು. ಸಂಜೆಯಾದೊಡನೆ ಮುಂಬಯಿಯ ಆಲ, ಅತ್ತಿಗಳಿಗೆ ಮುತ್ತುವ ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಕಣ್ಣನ್ನೂ ಮೂಗನ್ನೂ ನಂಬಿ ಬದುಕುತ್ತವೆ. ಪ್ರತಿಧ್ವನಿ ಹಿಡಿದು ಕೀಟ ಬೇಟೆಯಾಡುವ ಚಿಕ್ಕ ಬಾವಲಿಗಳೂ ಕುರುಡಲ್ಲ.

ಕೊನೆಯ ಪುಟದ ತತ್ತ್ವಚಿಂತನೆಯ ಬದಲು ಒಂದು ಪ್ರಯೋಗ ಮಾಡಿ ನೋಡಿ. ಸುಮಾರು ಎರಡು ಶತಮಾನಗಳ ಹಿಂದೆ ಫ್ರೆಂಚ್ ಸಸ್ಯವಿಜ್ಞಾನಿ ದೆಫೊಂತೇನ್, ಈ ಗಿಡದ ಕುಂಡಗಳನ್ನು ಕುದುರೆಗಾಡಿಯಲ್ಲಿಟ್ಟು ಪ್ಯಾರಿಸ್ಸಿನ ಬೀದಿಗಳಲ್ಲಿ ಸುತ್ತಾಡಿಸಿದ್ದರು. ಮೊದಲ ಕುಲುಕಾಟಕ್ಕೆ ಮಡಚಿದ ಎಲೆಗಳು ಗಾಡಿ ಕುಲುಕುತ್ತಿರುವಾಗಲೇ ಬಿಚ್ಚಿಕೊಂಡವು. 2014ರಲ್ಲಿ ಸಂಶೋಧಕಿ ಮೋನಿಕಾ ಗಾಲ್ಯಾನೊ ಮತ್ತು ಸಂಗಡಿಗರು ಕುಂಡಗಳನ್ನು 15 ಸೆಂ.ಮೀ. ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ ಇಂಥದ್ದನ್ನೇ ಕಂಡರು, 28 ದಿನಗಳ ಅನಂತರವೂ ಆ ರೂಢಿ ಉಳಿದಿತ್ತೆಂದು ವರದಿ ಮಾಡಿದರು. ಅದನ್ನು ನೆನಪು ಎನ್ನಬಹುದೇ ಎಂಬ ಜಗಳ ಮುಗಿದಿಲ್ಲ. ನಿಮಗೆ ಕುದುರೆಗಾಡಿ ಬೇಕಿಲ್ಲ. ಜನ ಕಡಿಮೆಯಿರುವ ಮಧ್ಯಾಹ್ನದ ಸ್ಲೋ ಲೋಕಲ್ ರೈಲಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಠಾಣೆಯವರೆಗೆ ಹೋಗಿ, ಕೋಪರ್, ದಿವಾ, ಮುಂಬ್ರಾ, ಕಳವಾ ಈ ನಿಲ್ದಾಣಗಳಲ್ಲಿ ಎಲ್ಲಿ ಎಲೆ ಬಿಚ್ಚಿಕೊಂಡಿತೆಂದು ಬರೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಬೆರಳಿನಿಂದ ಒಮ್ಮೆ ಮುಟ್ಟಿ: ಆಗ ಮಡಚಿದರೆ, ಗಿಡ ದಣಿದು ಸುಮ್ಮನಾಗಿರಲಿಲ್ಲ, ಗಾಡಿಯ ಕುಲುಕಾಟವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿತ್ತು ಎಂದಾಗುತ್ತದೆ. ಅದನ್ನು ಆರು ಪುಟಗಳೊಳಗೆ ಬರೆದು ಕಳುಹಿಸಿ.

ಇಂತು,
ಸಂಪಾದಕ