ಫೆರೋಥಾರ್ನ್‌ಗೆ ಡಿಫೆನ್ಸಾ, ಸ್ಪೆಷಲ್ ಡಿಫೆನ್ಸಾ? ಎರಡನ್ನೂ ಹಾಕಿ ಸೋತವನ ಉತ್ತರ

ಪೋಕೆಮಾನ್ ಆಟದಲ್ಲಿ 252 ಇವಿ (ಪೋಕೆಮಾನ್‌ನ ಬಲ ಏರಿಸೋಕೆ ನಾವು ಹಂಚೋ ಅಂಕ) ಡಿಫೆನ್ಸ್‌ಗೆ (ದೈಹಿಕ ಏಟಿಗೆ ತಡೆ) ಹಾಕಲಾ, ಸ್ಪೆಷಲ್ ಡಿಫೆನ್ಸ್‌ಗೆ (ಸ್ಪೆಷಲ್ ಏಟಿಗೆ ತಡೆ) ಹಾಕಲಾ, ಯಾವುದಕ್ಕೆ ಹಾಕಿದರೂ ನನ್ನ ಫೆರೋಥಾರ್ನ್ ಅರ್ಧ ಆಟಕ್ಕೇ ಸಾಯ್ತಿದೆ ಅಂತ ಕೇಳಿದ್ದೀರಿ. ಅದೂ ಏಳನೇ ಜನರೇಷನ್ ಓಯು (ಆಟದ ಏಳನೇ ತಲೆಮಾರಿನ ಮುಖ್ಯ ದರ್ಜೆ). ಅಯ್ಯೋ, 2018ರಲ್ಲಿ ಹಾಸ್ಟೆಲ್‌ನಲ್ಲಿ ಕೂತು ನಾನು ಕಂಡಕಂಡವರಿಗೆಲ್ಲ ಕೇಳ್ತಿದ್ದ ಪ್ರಶ್ನೆ ಇದು. ನಮ್ಮ ರೂಮಿನಲ್ಲಿ ಫೆರೋಥಾರ್ನ್‌ಗೆ 'ಹಲಸು' ಅಂತಲೇ ಹೆಸರು. ನೋಡೋಕೆ ಹಾಗೇ ಇದೆ ಅಲ್ವಾ, ಹಲಸಿನಕಾಯಿಗೆ ಮೂರು ಮುಳ್ಳಿನ ಬಳ್ಳಿ ಸಿಕ್ಕಿಸಿದ ಹಾಗೆ.

ಮೊದಲೇ ಹೇಳಿಬಿಡ್ತೀನಿ, ನಿಮ್ಮ ತೊಂದರೆ ಇವಿಯಲ್ಲಿ ಇಲ್ಲ. ನನ್ನದೂ ಇರಲಿಲ್ಲ. ಅದು ಗೊತ್ತಾಗೋಕೆ ನನಗೆ ಒಂದು ಸೆಮಿಫೈನಲ್ ಖರ್ಚಾಯಿತು.

ಗೆಳೆಯರೇ ಸೇರಿ ನಡೆಸಿದ ಟೂರ್ನಿ. ಹದಿನಾರು ಜನ, ಎಲ್ಲರೂ ಶೋಡೌನ್‌ನಲ್ಲಿ (ಪೋಕೆಮಾನ್ ಕಾಳಗ ಆಡೋ ವೆಬ್‌ಸೈಟ್) ಆಡೋದು, ಗೆದ್ದವನಿಗೆ ಉಳಿದವರು ಬಿರಿಯಾನಿ ಕೊಡಿಸಬೇಕು. ಸೆಮಿಫೈನಲ್‌ನಲ್ಲಿ ನನಗೆ ಸಿಕ್ಕಿದ್ದು ಒಬ್ಬ ಜೂನಿಯರ್ ಹುಡುಗ. ಮಾತು ಕಡಿಮೆ, ಪ್ರತಿ ಟರ್ನ್‌ಗೂ ಟೈಮರ್ ಮುಗಿಯೋವರೆಗೂ ಯೋಚನೆ ಮಾಡ್ತಾನೆ. ಅವನದು ಮಳೆ ಟೀಮ್. ಪೆಲಿಪರ್ ಬಂದ ಕೂಡಲೇ ಅದರ ಡ್ರಿಝಲ್ ಗುಣದಿಂದ ಮಳೆ ಶುರು, ಆಮೇಲೆ ಮೆಗಾ ಸ್ವಾಂಪರ್ಟ್ ಬಂದು ಸ್ವಿಫ್ಟ್ ಸ್ವಿಮ್ ಗುಣದಿಂದ ಮಳೆಯಲ್ಲಿ ಎರಡು ಪಟ್ಟು ವೇಗವಾಗಿ ಓಡಾಡಿಕೊಂಡು ಎಲ್ಲರನ್ನೂ ಹೊಡೆಯೋದು. ಟೀಮ್ ಪ್ರಿವ್ಯೂನಲ್ಲಿ (ಆಟಕ್ಕೆ ಮೊದಲು ತೋರಿಸೋ ಎದುರಾಳಿಯ ಪಟ್ಟಿ) ಆರರಲ್ಲಿ ಮ್ಯಾಗ್ನೆಝೋನ್ ಕೂಡ ಇತ್ತು. ನೋಡಿದೆ. ನೋಡಿಲ್ಲ ಅಂತ ಸುಳ್ಳು ಹೇಳಲ್ಲ.

ನನ್ನ ಟೀಮಿನಲ್ಲಿ ಆ ಸ್ವಾಂಪರ್ಟ್‌ನ ತಡೆಯೋದು ಹಲಸು ಒಂದೇ. ಅದಕ್ಕೆ ಅಂತಲೇ 252 ಎಚ್‌ಪಿಗೆ (ಪ್ರಾಣದ ಅಂಕ), 252 ಡಿಫೆನ್ಸ್‌ಗೆ, ಮಿಕ್ಕ 4 ಸ್ಪೆಷಲ್ ಡಿಫೆನ್ಸ್‌ಗೆ ಹಾಕಿ, ಡಿಫೆನ್ಸ್ ಏರಿಸೋ ರಿಲ್ಯಾಕ್ಸ್ಡ್ ನೇಚರ್ ಕೊಟ್ಟು, ಕೈಗೆ ಪ್ರತಿ ಟರ್ನ್ ಸ್ವಲ್ಪ ಎಚ್‌ಪಿ ವಾಪಸ್ ಕೊಡೋ ಲೆಫ್ಟೋವರ್ಸ್ ಕೊಟ್ಟಿದ್ದೆ. ಒಟ್ಟು ಎಚ್‌ಪಿ 352. ಹಿಂದಿನ ವಾರ ಪೂರ್ತಿ ಸ್ಪೆಷಲ್ ಡಿಫೆನ್ಸ್ ಹಾಕಿ ಆಡಿದ್ದೆ, ಅದಕ್ಕೂ ಹಿಂದಿನ ವಾರ ಅರ್ಧರ್ಧ. ನಿಮ್ಮ ಹಾಗೇ.

ಮೊದಲ ಟರ್ನ್. ಅವನು ಪೆಲಿಪರ್, ನಾನು ಲ್ಯಾಂಡೋರಸ್. ಯು-ಟರ್ನ್ (ಹೊಡೆದ ಕೂಡಲೇ ಇನ್ನೊಬ್ಬರಿಗೆ ಜಾಗ ಬಿಡೋ ಏಟು) ಹೊಡೆದು ಟಾಕ್ಸಪೆಕ್ಸ್ ತಂದೆ, ಪೆಲಿಪರ್‌ಗೆ ಒಂಚೂರು ಗೀರು ಬಿತ್ತು ಅಷ್ಟೇ. ಎರಡು, ಮೂರನೇ ಟರ್ನ್‌ನಲ್ಲಿ ಅವನದೊಂದು ಯು-ಟರ್ನ್, ಸ್ವಾಂಪರ್ಟ್ ಬಂತು. ನಾಲ್ಕನೇ ಟರ್ನ್‌ನಲ್ಲಿ ಅದು ಮೆಗಾ ಆಗಿ (ಬಲವಾದ ರೂಪಕ್ಕೆ ಬದಲಾಗಿ) ಅರ್ಥ್‌ಕ್ವೇಕ್ ಹೊಡೆಯಿತು, ನಾನು ಸರಿಯಾಗಿ ಊಹಿಸಿ ಹಲಸನ್ನು ಒಳಗೆ ಬಿಟ್ಟೆ. 130 ಹೋಯಿತು. ಲೆಫ್ಟೋವರ್ಸ್ 22 ವಾಪಸ್ ಕೊಟ್ಟಿತು. ಇಲ್ಲಿವರೆಗೆ ಎಲ್ಲ ಚೆನ್ನಾಗಿತ್ತು, ನಾನು ಕುರ್ಚಿಗೆ ಒರಗಿ ಕೂತಿದ್ದೆ.

ಈಗ ಐದನೇ ಟರ್ನ್. ಇದನ್ನ ಸ್ವಲ್ಪ ಜಾಸ್ತಿಯೇ ವಿವರಿಸ್ತೀನಿ, ಬೇಜಾರಾದರೆ ಕೆಳಗೆ ಹೋಗಿ.

ಸ್ವಾಂಪರ್ಟ್ ಎದುರಿಗೆ ಹಲಸು ನಿಂತಿದೆ. ಹಲಸಿನ ಗ್ರಾಸ್ ಏಟು ಪವರ್ ವಿಪ್ ಬಿದ್ದರೆ ಸ್ವಾಂಪರ್ಟ್‌ಗೆ ನಾಲ್ಕು ಪಟ್ಟು ಏಟು, ಅದು ನಿಲ್ಲೋ ಹಾಗೇ ಇಲ್ಲ. ಹೋಗಲೇಬೇಕು. ಯಾರು ಬರ್ತಾರೆ? ಮ್ಯಾಗ್ನೆಝೋನ್. ಅದರ ಮ್ಯಾಗ್ನೆಟ್ ಪುಲ್ ಇದ್ದಾಗ ಎದುರಿನ ಸ್ಟೀಲ್ ಟೈಪ್ ಸ್ವಿಚ್ ಮಾಡೋಕೆ (ಹೊರಗೆ ಹೋಗಿ ಇನ್ನೊಬ್ಬರನ್ನ ತರೋಕೆ) ಆಗಲ್ಲ, ಸಿಕ್ಕಿಹಾಕಿಕೊಂಡ ಮೇಲೆ ಹಿಡನ್ ಪವರ್ ಫೈರ್ ಅನ್ನೋ ಬೆಂಕಿ ಏಟು. ಫೆರೋಥಾರ್ನ್ ಗ್ರಾಸ್ ಮತ್ತು ಸ್ಟೀಲ್, ಬೆಂಕಿ ಅಂದರೆ ನಾಲ್ಕು ಪಟ್ಟು. ಇದೆಲ್ಲ ನನಗೆ ಗೊತ್ತಿತ್ತು. ಹಾಗಿದ್ದರೂ ಸ್ಪೈಕ್ಸ್ (ಎದುರಾಳಿ ಕಡೆ ನೆಲಕ್ಕೆ ಮುಳ್ಳು ಹರಡೋದು) ಒತ್ತಿದೆ. ಯಾಕೆ ಗೊತ್ತಾ? ಮಳೆಯಲ್ಲಿ ಬೆಂಕಿ ಏಟು ಅರ್ಧ ಆಗುತ್ತೆ. ಲೆಕ್ಕ ಹಾಕಿದ್ದೆ: ಮ್ಯಾಗ್ನೆಝೋನ್ ಮಾಡೆಸ್ಟ್ ನೇಚರ್ ಆಗಿದ್ದು ಕೈಯಲ್ಲಿ ಚಾಯ್ಸ್ ಸ್ಪೆಕ್ಸ್ ಇದ್ದರೂ (ಎರಡೂ ಸ್ಪೆಷಲ್ ಏಟು ಏರಿಸುತ್ತವೆ) ಮಳೆಯಲ್ಲಿ 188ರಿಂದ 224. ಟರ್ನ್ ಮುಗಿಯೋ ಹೊತ್ತಿಗೆ ನನ್ನ ಹತ್ತಿರ 266 ಇರುತ್ತೆ. ಬರಲಿ, ಹೊಡೆಯಲಿ, ಬದುಕಿ ಇನ್ನೊಂದು ಸ್ಪೈಕ್ಸ್ ಹಾಕ್ತೀನಿ ಅಂತ ಒಳಗೊಳಗೇ ಖುಷಿ.

ಲೆಕ್ಕ ತಪ್ಪಿರಲಿಲ್ಲ, ಮಳೆ ತಪ್ಪಿತ್ತು. ಡ್ರಿಝಲ್ ಮಳೆ ಐದೇ ಟರ್ನ್. ಡ್ಯಾಂಪ್ ರಾಕ್ ಹಿಡಿದಿದ್ದರೆ ಎಂಟು. ಮಳೆ ಟೀಮಿನ ಪೆಲಿಪರ್ ಅಂದರೆ ಡ್ಯಾಂಪ್ ರಾಕ್ ಇದ್ದೇ ಇರುತ್ತೆ ಅಂತ ನಾನು ಅಂದುಕೊಂಡುಬಿಟ್ಟಿದ್ದೆ. ಶೋಡೌನ್ ಅಂತೂ ಪರದೆಯ ಮೂಲೆಯಲ್ಲಿ ಬರೆದೇ ಇಟ್ಟಿತ್ತು, ಮಳೆ 1 ಅಥವಾ 4 ಟರ್ನ್ ಅಂತ. ನನ್ನ ಕಣ್ಣಿಗೆ 4 ಮಾತ್ರ ಕಂಡಿತು. ಅದೂ ಹೋಗಲಿ. ಮೊದಲ ಟರ್ನ್ ಕೊನೆಯಲ್ಲಿ ಲಾಗ್‌ನಲ್ಲಿ ಒಂದು ಸಣ್ಣ ಸಾಲು ಬಂದಿತ್ತು: ಪೆಲಿಪರ್ ಲೆಫ್ಟೋವರ್ಸ್‌ನಿಂದ ಸ್ವಲ್ಪ ಎಚ್‌ಪಿ ಪಡೆಯಿತು. ಎರಡನೇ ಟರ್ನ್‌ನಲ್ಲೂ ಬಂದಿತ್ತು. ಎರಡು ಸಲ! ಒಂದು ಪೋಕೆಮಾನ್ ಕೈಯಲ್ಲಿ ಒಂದೇ ವಸ್ತು. ಲೆಫ್ಟೋವರ್ಸ್ ಇದ್ದರೆ ಡ್ಯಾಂಪ್ ರಾಕ್ ಇಲ್ಲ. ಡ್ಯಾಂಪ್ ರಾಕ್ ಇಲ್ಲ ಅಂದರೆ ಐದನೇ ಟರ್ನ್‌ಗೆ ಮಳೆ ಖಲಾಸ್. ಒಂದನೇ ಕ್ಲಾಸಿನ ಲೆಕ್ಕ. ಆದರೆ ನಾನು ಲಾಗ್ ಓದ್ತಾ ಇರಲಿಲ್ಲ, ಹಸಿರು ಪಟ್ಟಿ ಮಾತ್ರ ನೋಡ್ತಿದ್ದೆ.

ಸ್ಪೈಕ್ಸ್ ಒತ್ತಿದೆ. ಮ್ಯಾಗ್ನೆಝೋನ್ ಬಂತು. ಲೆಫ್ಟೋವರ್ಸ್ ಮತ್ತೆ 22 ಕೊಟ್ಟಿತು, ಸರಿಯಾಗಿ 266. ಅದರ ಜೊತೆಗೇ ಇನ್ನೊಂದು ಸಾಲು, ಮಳೆ ನಿಂತಿತು ಅಂತ. ಪರದೆ ಮೇಲಿನ ನೀಲಿ ಹನಿಗಳು ಮಾಯ. ಸ್ವಿಚ್ ಬಟನ್‌ಗಳೆಲ್ಲ ಮಂಕಾಗಿ ಕೂತಿವೆ, ಒತ್ತೋಕೆ ಆಗಲ್ಲ. ಮಳೆ ಇಲ್ಲದೆ ಆ ಏಟು ಕಡಿಮೆ ಅಂದರೂ 380. ತುಂಬಿದ ಎಚ್‌ಪಿ 352 ಇದ್ದಿದ್ದರೂ ಸಾಯ್ತಿತ್ತು. ಒಂದು ಟರ್ನ್ ಏಟು ತಡೆಯೋ ಪ್ರೊಟೆಕ್ಟ್ ಇತ್ತು, ಒತ್ತಿದೆ, ಮುಂದಿನ ಟರ್ನ್‌ನಲ್ಲಿ ಹೋಯಿತು.

ಮಿಕ್ಕಿದ್ದು ಬೇಗ ಮುಗಿಯಿತು. ಪೆಲಿಪರ್ ವಾಪಸ್, ಮಳೆ ವಾಪಸ್, ಸ್ವಾಂಪರ್ಟ್ ವಾಪಸ್. ಟಾಕ್ಸಪೆಕ್ಸ್ ಅರ್ಥ್‌ಕ್ವೇಕ್‌ಗೆ ಹೋಯಿತು, ಲ್ಯಾಂಡೋರಸ್ ವಾಟರ್‌ಫಾಲ್‌ಗೆ. ನಾನು ಎಂಟು-ಹತ್ತು ಟರ್ನ್ ಸುಮ್ನೆ ಬಟನ್ ಒತ್ತುತ್ತಾ ಕೂತಿದ್ದೆ. ಮುಗಿದ ಮೇಲೆ ಆ ಹುಡುಗ ರೂಮಿಗೇ ಬಂದು ಕೇಳಿದ, "ಅಣ್ಣಾ, ಪೆಲಿಪರ್‌ಗೆ ಲೆಫ್ಟೋವರ್ಸ್ ಅಂತ ಎರಡು ಸಲ ತೋರಿಸ್ತಲ್ಲಾ, ನೋಡ್ಲಿಲ್ವಾ?" ಅಂತ. ಅವನು ವ್ಯಂಗ್ಯ ಮಾಡ್ತಿರಲಿಲ್ಲ, ನಿಜವಾಗ್ಲೂ ಅವನಿಗೆ ಆಶ್ಚರ್ಯ. ನಾನು ಆ ರಾತ್ರಿ ರೀಪ್ಲೇ ಹಾಕಿಕೊಂಡು ಲಾಗ್ ಓದಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

ಈಗ ನೀವು ಹೇಳಬಹುದು, ನೋಡಿ, ಸ್ಪೆಷಲ್ ಡಿಫೆನ್ಸ್‌ಗೆ ಹಾಕಿದ್ದರೆ ಉಳೀತಿತ್ತು ಅಂತ. ನಾನೂ ಹಾಗೇ ಅಂದುಕೊಂಡು ಎರಡು ದಿನ ನನ್ನನ್ನೇ ಬೈದುಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಪೂರ್ತಿ 252 ಸ್ಪೆಷಲ್ ಡಿಫೆನ್ಸ್, ಅದನ್ನೇ ಏರಿಸೋ ನೇಚರ್. ಆಗ ಅದೇ ಹಿಡನ್ ಪವರ್ ಫೈರ್ ಮಳೆಯಿಲ್ಲದೆ 280ರಿಂದ 332. 352 ತುಂಬಿದ್ದರೆ ಬದುಕುತ್ತೆ, ನಿಜ. ಆದರೆ ಡಿಫೆನ್ಸ್ ತೆಗೆದಿದ್ದಕ್ಕೆ ನಾಲ್ಕನೇ ಟರ್ನ್‌ನ ಅರ್ಥ್‌ಕ್ವೇಕ್ ಕಡಿಮೆ ಅಂದರೂ 159 ಕೀಳ್ತಿತ್ತು. ಎರಡು ಸಲ ಲೆಫ್ಟೋವರ್ಸ್ ಸೇರಿಸಿದರೂ 237. ಹಾಗೂ ಸಾವು, ಹೀಗೂ ಸಾವು. ಅರ್ಧರ್ಧ ಹಾಕಿದ್ದರೂ ಅದೇ ಗತಿ. ಆ ಟರ್ನ್‌ನಲ್ಲಿ ಹಲಸನ್ನು ಉಳಿಸೋ ಇವಿ ಅಂತ ಯಾವುದೂ ಇರಲಿಲ್ಲ. ಉಳಿಸೋ ಬಟನ್ ಒಂದಿತ್ತು, ಲ್ಯಾಂಡೋರಸ್‌ಗೆ ಸ್ವಿಚ್. ಸ್ವಾಂಪರ್ಟ್ ನಿಲ್ಲಲ್ಲ ಅಂತ ಗೊತ್ತಿದ್ದ ಮೇಲೆ ನಾನು ಯಾಕೆ ನಿಲ್ಲಬೇಕು? ಅವನ ಮ್ಯಾಗ್ನೆಝೋನ್ ಬರೋ ಹೊತ್ತಿಗೆ ಎದುರಿಗೆ ಲ್ಯಾಂಡೋರಸ್ ನಿಂತಿರ್ತಿತ್ತು, ಅರ್ಥ್‌ಕ್ವೇಕ್ ಅದಕ್ಕೆ ನಾಲ್ಕು ಪಟ್ಟು. ಅವನು ಧೈರ್ಯ ಮಾಡಿ ಸ್ವಾಂಪರ್ಟ್‌ನಲ್ಲೇ ನಿಂತು ವಾಟರ್‌ಫಾಲ್ ಹೊಡೆದಿದ್ದರೆ ಲ್ಯಾಂಡೋರಸ್ ಹೋಗ್ತಿತ್ತು, ಹೋಗಲಿ, ಹಲಸು ಇರ್ತಿತ್ತಲ್ಲ.

ಹಾಗಾಗಿ ನಿಮಗೆ ನನ್ನ ಮಾತು ಇಷ್ಟು. ಈ 'ಗೋಡೆ' ಅನ್ನೋ ಯೋಚನೆಯನ್ನೇ ಬಿಡಿ. ಫೆರೋಥಾರ್ನ್ ಏಟು ತಿಂದು ನಿಲ್ಲೋ ಪ್ರಾಣಿ ಅಲ್ಲ, ಎಚ್‌ಪಿ ತುಂಬಿಸಿಕೊಳ್ಳೋಕೆ ಅದಕ್ಕೆ ರಿಕವರ್ ಇಲ್ಲ, ರೂಸ್ಟ್ ಇಲ್ಲ. ಲೆಫ್ಟೋವರ್ಸ್‌ನಿಂದ ಟರ್ನ್‌ಗೆ ಹದಿನಾರನೇ ಒಂದು ಪಾಲು, ಲೀಚ್ ಸೀಡ್ ಬಿದ್ದರೆ ಎದುರಾಳಿಯ ಎಂಟನೇ ಒಂದು ಪಾಲು, ಅಷ್ಟೇ ಆದಾಯ. ಅದೂ ಗ್ರಾಸ್ ಟೈಪ್‌ಗೆ ಲೀಚ್ ಸೀಡ್ ಹತ್ತೋದೇ ಇಲ್ಲ. ಬಂದು, ಒಂದು ಕೆಲಸ ಮಾಡಿ, ಎದ್ದು ಹೋಗೋದು ಇದರ ಜಾಯಮಾನ. ಸ್ಪೈಕ್ಸ್ ಮೂರೂ ಪದರ ಹಾಕಲೇಬೇಕು ಅನ್ನೋ ಹಟವೂ ಬೇಡ. ಮೊದಲ ಪದರಕ್ಕೇ ನೆಲಕ್ಕೆ ಕಾಲಿಡೋ ಪ್ರತಿಯೊಬ್ಬರೂ ಎಂಟನೇ ಒಂದು ಪಾಲು ಕಳ್ಕೊಳ್ತಾರೆ, ಎರಡಕ್ಕೆ ಆರನೇ ಒಂದು, ಮೂರಕ್ಕೆ ನಾಲ್ಕನೇ ಒಂದು. ಎರಡನೇ ಪದರದ ಆಸೆಗೆ ನಾನು ಟೀಮನ್ನೇ ಕಳ್ಕೊಂಡೆ.

ಶೆಡ್ ಶೆಲ್ ಹಾಕಿ, ಮ್ಯಾಗ್ನೆಝೋನ್ ಹಿಡಿದರೂ ತಪ್ಪಿಸಿಕೊಳ್ಳಬಹುದು ಅಂತ ಯಾರಾದರೂ ಹೇಳೇ ಹೇಳ್ತಾರೆ. ನಾನೂ ಸೋತ ಸಿಟ್ಟಿಗೆ ಒಂದು ತಿಂಗಳು ಹಾಕಿದೆ. ತಪ್ಪಿಸಿಕೊಳ್ಳುತ್ತೆ, ಸುಳ್ಳಲ್ಲ. ಆದರೆ ಲೆಫ್ಟೋವರ್ಸ್ ಇಲ್ಲದ ಹಲಸು ಮೂರು ಸಲ ಒಳಗೆ ಬಂದರೆ ಸವೆದು ಹೋಗುತ್ತೆ, ಮಧ್ಯೆ ಯಾರಾದರೂ ನಾಕ್ ಆಫ್ ಹೊಡೆದರೆ ಆ ಶೆಲ್ ಕೂಡ ಹೋಯಿತು. ಟೀಮೆಲ್ಲ ಅದೊಂದರ ಮೇಲೇ ನಿಂತಿದ್ದರೆ ಹಾಕಿ, ಇಲ್ಲಾಂದ್ರೆ ಬೇಡ. ನನ್ನ ಕೇಳಿದರೆ, ಟೀಮೆಲ್ಲ ಒಂದರ ಮೇಲೆ ನಿಂತಿರೋದೇ ತಪ್ಪು, ನನ್ನದು ನಿಂತಿತ್ತು.

ಇವಿ ಹೇಳಲೇಬೇಕಾ? ಸರಿ. ನಿಮ್ಮ ಉಳಿದ ಐವರು ಯಾರನ್ನ ತಡೆಯೋಕೆ ಆಗಲ್ಲ ನೋಡಿ, ಅವರ ಕಡೆಗೆ ಹಾಕಿ, ಮುಗೀತು. ಸ್ವಾಂಪರ್ಟ್ ಥರದವರು ಕಾಡ್ತಿದ್ದರೆ ಡಿಫೆನ್ಸ್, ಗ್ರೆನಿಂಜಾ ಥರದವರು ಕಾಡ್ತಿದ್ದರೆ ಸ್ಪೆಷಲ್ ಡಿಫೆನ್ಸ್. ಎಚ್‌ಪಿ 252 ಮಾತ್ರ ಎರಡರಲ್ಲೂ ಇರಲಿ, ಅದನ್ನ ಮುಟ್ಟಬೇಡಿ. ಗೈರೋ ಬಾಲ್ ಇಟ್ಟಿದ್ದರೆ ಸ್ಪೀಡ್ ಐವಿ (ಹುಟ್ಟಿನಿಂದ ಬರೋ ಅಂಕ) 0 ಮಾಡಿ, ನಿಧಾನ ಆದಷ್ಟೂ ಅದರ ಏಟು ಜಾಸ್ತಿ. ಇದನ್ನ ತೀರ್ಮಾನ ಮಾಡೋಕೆ ಹತ್ತು ನಿಮಿಷ ಸಾಕು. ನಾನು ಮೂರು ವಾರ ಕಳೆದೆ, ಆ ಮೂರು ವಾರದಲ್ಲಿ ನನ್ನ ಒಂದು ರೀಪ್ಲೇ ಕೂಡ ವಾಪಸ್ ನೋಡಲಿಲ್ಲ.

ನೀವು ಹಾಗೆ ಮಾಡಬೇಡಿ. ಕಡೇ ಐದು ಸೋಲಿನ ರೀಪ್ಲೇ ತೆಗೆದು, ಹಲಸು ಸತ್ತ ಟರ್ನ್ ಅಲ್ಲ, ಅದರ ಹಿಂದಿನ ಟರ್ನ್‌ನಲ್ಲಿ ಏನು ಒತ್ತಿದ್ರಿ ಅಂತ ನೋಡಿ. ಲಾಗ್‌ನ ಸಣ್ಣ ಸಾಲುಗಳನ್ನೂ ಓದಿ. ಆಮೇಲೆ ನಿಮ್ಮ ಮಿಕ್ಕ ಐದು ಹೆಸರು ಕಮೆಂಟ್‌ನಲ್ಲಿ ಹಾಕಿ, ಮ್ಯಾಗ್ನೆಝೋನ್ ಬಂದರೆ ಯಾರನ್ನ ಕಳಿಸ್ತೀರಿ ಅನ್ನೋದನ್ನ ಮೊದಲು ಬರೆಯಿರಿ. ಬಿರಿಯಾನಿ ಆ ಹುಡುಗನೇ ತಿಂದ, ಫೈನಲ್ ಕೂಡ ಗೆದ್ದ. ನನ್ನ ಪಾಲಿನ ದುಡ್ಡು 140 ರೂಪಾಯಿ.