ಕುಟುಂಬದ ಗುಂಪು ಬಿಡಬೇಕಾ? – ಪ್ರತಿಕ್ರಿಯೆ

ತೀರ್ಥಹಳ್ಳಿ ಕಡೆಯ ನಿಮ್ಮ ಕುಟುಂಬದ ವಾಟ್ಸಾಪ್ ಗುಂಪು ಸಾಕಾಗಿದೆ, ಬಿಟ್ಟರೆ ದೊಡ್ಡಪ್ಪನಿಗೆ ಬೇಜಾರು, ಅಮ್ಮನ ಫೋನೂ ತುಂಬಿದೆ ಅಂತ ಬರೆದಿದ್ದೀರಿ.

ಬಿಡಬೇಡಿ. ಬಿಟ್ಟರೆ ಈಗ ಅಡ್ಮಿನ್‌ಗಷ್ಟೇ ಸೂಚನೆ ಹೋಗುತ್ತೆ ನಿಜ, ಆದರೆ ಹಿಂದಿನ ಸದಸ್ಯರ ಪಟ್ಟಿಯಲ್ಲಿ 60 ದಿನ ನಿಮ್ಮ ಹೆಸರಿರುತ್ತೆ. ಅಡ್ಮಿನ್ ದೊಡ್ಡಪ್ಪನೇ ಆಗಿದ್ದರಂತೂ ಮುಗೀತು! ಮ್ಯೂಟ್‌ನಲ್ಲಿ ‘ಆಲ್ವೇಸ್’ ಒತ್ತಿ, ಗುಂಪನ್ನು ಆರ್ಕೈವ್‌ಗೆ ಹಾಕಿ. ರಾತ್ರಿ ಊಟವಾದ ಮೇಲೆ ಒಮ್ಮೆ ತೆರೆದು ನೋಡಿ. ಸಾವು, ಸೂತಕದ ಸುದ್ದಿ ತಪ್ಪಬಾರದಲ್ಲ.

ಅಮ್ಮನ ಫೋನಿಗೆ ಹೆಚ್ಚಿನವರು ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿ ಸುಮ್ಮನಾಗುತ್ತಾರೆ. ಅದರಿಂದ ಹೊಸ ಚಿತ್ರಗಳು ಗ್ಯಾಲರಿಯಲ್ಲಿ ಕಾಣಲ್ಲ ಅಷ್ಟೇ, ಜಾಗ ಉಳಿಯಲ್ಲ. ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ಕ್ಕೆ ಹೋಗಿ, ಆಟೋ ಡೌನ್‌ಲೋಡ್‌ನಲ್ಲಿ ಮೊಬೈಲ್ ಡೇಟಾ, ವೈಫೈ ಎರಡರಡಿಯ ಟಿಕ್‌ಗಳನ್ನೂ ತೆಗೆಯಿರಿ. ಆಮೇಲೆ ‘ಮ್ಯಾನೇಜ್ ಸ್ಟೋರೇಜ್’ನಲ್ಲಿ 5 ಎಂಬಿಗಿಂತ ದೊಡ್ಡ ಫೈಲುಗಳನ್ನು ಅಳಿಸಿ. ಮೊಮ್ಮಕ್ಕಳ ಫೋಟೋ ಮಾತ್ರ ಅಮ್ಮನನ್ನು ಕೇಳದೆ ಮುಟ್ಟಬೇಡಿ.

ನಿಜವಾದ ಜಗಳ ಹುಟ್ಟೋದು ಟಿಕ್ಕಿನಿಂದ. ಮಳೆಗಾಲದಲ್ಲಿ ನೆಂಟರ ಊರಲ್ಲಿ ಕರೆಂಟ್ ಹೋಗಿ ಟವರೂ ಬಿದ್ದರೆ, ಅವರೊಬ್ಬರಿಗೇ ಕಳಿಸಿದ ಮೆಸೇಜಿಗೆ ಒಂದೇ ಟಿಕ್ ನಿಲ್ಲುತ್ತೆ. ಅಂದರೆ ಮೆಸೇಜು ಅವರ ಫೋನಿಗೆ ತಲುಪೇ ಇಲ್ಲ. ‘ಬೇಕಂತಲೇ ಉತ್ತರ ಕೊಡ್ಲಿಲ್ಲ’ ಅನ್ನೋ ಮೊದಲು ಅದನ್ನು ನೋಡಿ. ನೀಲಿ ಟಿಕ್ ಆಫ್ ಮಾಡಿದರೂ ಗುಂಪಿನಲ್ಲಿ ಅದು ನಡೆಯಲ್ಲ, ನೀವು ಓದಿದ್ದು ಗೊತ್ತಾಗುತ್ತೆ.

ಮದುವೆ ಕರೆಯೋಲೆಯ ಚಿತ್ರ ಗುಂಪಿಗೆ ಹಾಕಿ ಕೈತೊಳೆದುಕೊಳ್ಳಬೇಡಿ. ನಮ್ಮ ಕಡೆ ಮನೆಗೆ ಹೋಗಿ ಕರೆಯದಿದ್ದರೆ ಕರೆದ ಹಾಗಲ್ಲ. ಆಗದಿದ್ದರೆ ಫೋನಾದರೂ ಮಾಡಿ, ಅದೂ ದೊಡ್ಡಪ್ಪನಿಗೇ ಮೊದಲು.